ಎಂಟು ಗಂಟೆಯ ನೀರು

ಮೂಡಲಗಿ
೧೨-೨-೨೦೦೬

ಅಕ್ಕಾ,

ಜಯ ಜಿನೇಂದ್ರ. ನೀನು ಕಳಿಸಿದ ಶೇಂಗಾ ಹೋಳಿಗೆ ಮುಟ್ಟಿದವು. ತೃಪ್ತಿ ಮೂರೇ ದಿನದಲ್ಲಿ ಡಬ್ಬಿ ಬರಿದು ಮಾಡಿ, ಈಗ ಡಬ್ಬಿಯನ್ನು ನೀನು ತಿರುಗಿ ಕೇಳುತ್ತೀಯೇನೋ ಎಂದು ತೊಳೆದು ಇಟ್ಟಿದ್ದಾಳೆ. ಆರನೆಯ ಇಯತ್ತೆಗೆ ಬಂದರೂ ನಿನ್ನ ಹೆದರಿಕೆ ಹೋಗಿಲ್ಲ ಅವಳಿಗೆ.

ಫೋನ್ ಮಾಡು ಎಂದು ನೀನು ಬೈಯುತ್ತೀ. ಕಿರಾಣಿ ಅಂಗಡಿಯ ಫೋನಿನ ಮುಂದೆ ಹತ್ತು ಜನ ಕಿವಿಗೊಟ್ಟು ನಿಂತಿರುತ್ತಾರೆ. ಅವರ ಎದುರು ನನಗೆ ಮಾತೇ ಬರುವುದಿಲ್ಲ. ಕಾಗದವೇ ಚಲೋ.

ಒಂದು ನಗುವ ಸುದ್ದಿ ಹೇಳುತ್ತೇನೆ. ಹೋದ ವಾರ ಕಾಶೆವ್ವ ಎಂಬ ನಮ್ಮ ಓಣಿಯ ಹೆಣ್ಣುಮಗಳಿಗೆ ಜಂಪರ್ ಹೊಲಿದೆ. ಹದಿನಾರನೆಯ ವಯಸ್ಸಿನಿಂದ ಕತ್ತರಿ ಹಿಡಿದವಳು ನಾನು, ಅವರು ಸತ್ತ ಈ ನಾಲ್ಕು ವರ್ಷವಂತೂ ಮಷೀನೇ ನನಗೂ ಮಗಳಿಗೂ ಊಟ ಹಾಕಿದೆ. ಆದರೂ ಎರಡೂ ತೋಳನ್ನು ಒಂದೇ ಕಡೆಯವು ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ ಕೊಟ್ಟಿದ್ದೆ. ಕಾಶೆವ್ವ ಹಾಕಿಕೊಂಡು ನೋಡಿ, "ಏನ್ರಿ ಟೇಲರಬಾಯಿ, ನನಗ ಎರಡೂ ಬಲಗೈ ಅದಾವಂತ ತಿಳ್ಕೊಂಡೀರೇನು?" ಎಂದು ನಕ್ಕಳು. ನಾನೂ ನಕ್ಕೆ. ಅವಳು ಹೋದ ಮೇಲೆ ಆ ತೋಳುಗಳನ್ನು ಬಿಚ್ಚಿ ನೆಲದ ಮೇಲೆ ಹಾಸಿ ನೋಡಿದೆ ಅಕ್ಕಾ. ಯಾವುದು ಎಡ, ಯಾವುದು ಬಲ ಎಂದು ತುಂಬಾ ಹೊತ್ತು ತಿಳಿಯಲಿಲ್ಲ.

ಇನ್ನೊಂದು ಸುದ್ದಿಗೆ ನಗು ಬರುವುದಿಲ್ಲ. ಗುರುವಾರ ಅಸ್ತರದ ಬಟ್ಟೆ ತರಲು ಗೋಕಾಕಕ್ಕೆ ಹೋಗಿದ್ದೆ. ತಿರುಗಿ ಬರುವಾಗ ಸ್ಟ್ಯಾಂಡಿನಲ್ಲಿ ನಿಂತೆ. ಒಂದು ಬಸ್ಸು ಬಂತು, ಬೋರ್ಡಿನಲ್ಲಿ ಮೂಡಲಗಿ ಎಂದು ಓದಿದೆ, ಬಸ್ಸು ಹೋಯಿತು. ಇನ್ನೊಂದು ಬಂತು, ಅದನ್ನೂ ಓದಿದೆ, ಅದೂ ಹೋಯಿತು. ಅದು ನನ್ನ ಊರು, ನಾನು ಹತ್ತಬೇಕಾದ ಬಸ್ಸು ಎಂದು ಹೊಳೆಯಲೇ ಇಲ್ಲ. ಬಾಜೂದಲ್ಲಿ ಕುಳಿತ ಮುದುಕಿ, "ಯಾವೂರಿಗೆ ಹೋಗಬೇಕವಾ ನೀ?" ಎಂದು ಕೇಳಿದಳು. ನನ್ನ ಬಾಯಿಂದ ಹೆಸರು ಹೊರಡಲಿಲ್ಲ. ಕೊನೆಗೆ ಪರ್ಸಿನಲ್ಲಿ ತೃಪ್ತಿಯ ಶಾಲೆಯ ಚೀಟಿ ಸಿಕ್ಕಿತು. ಅದರ ಮೇಲಿನ ಊರ ಹೆಸರನ್ನು ಮುದುಕಿಗೆ ತೋರಿಸಿದೆ, ಅವಳೇ ಬಸ್ಸು ಹತ್ತಿಸಿದಳು.

ನಿದ್ದೆ ಕಡಿಮೆ ಇರಬೇಕು. ಚಿಕ್ಕವಳಿದ್ದಾಗ ದಾರಿ ತಪ್ಪುವ ಭಯವೇ ಇರಲಿಲ್ಲ ನನಗೆ. ನೀನು ಕಾಲಿಟ್ಟಲ್ಲಿ ಕಾಲಿಡುತ್ತಿದ್ದೆ, ನೀನು ಬಾಯಿಗೆ ಹಾಕಿದ್ದನ್ನು ನಾನೂ ಹಾಕುತ್ತಿದ್ದೆ. ಬೇವಿನ ಎಲೆ ತಿಂದದ್ದು ನೆನಪಿದೆಯೇ?

ಮಾಮಾನಿಗೆ ನಮಸ್ಕಾರ ಹೇಳು.

ನಿನ್ನ ಬೆನ್ನಿಗೆ ಬಿದ್ದ
ಶುಭಾಂಗಿ


ಬೆಲ್ಲದ ಬಾಗೇವಾಡಿ
೩-೩-೨೦೦೬

ಚಿ. ಶುಭಾಂಗಿಗೆ ಅಕ್ಕ ಪದ್ಮವ್ವ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಬರೋಬ್ಬರಿ ಇದ್ದೇವೆ. ನೀನು ಬರೋಬ್ಬರಿ ಇಲ್ಲವೆಂದು ನಿನ್ನ ಕಾಗದವೇ ಹೇಳುತ್ತದೆ. ನಿನ್ನ ಮಾಮಾನಿಗೆ ಓದಿ ಹೇಳಿದೆ. "ಅಕಿಗೆ ಉಣ್ಣಾಕ ಹೇಳ, ಮರವು ತಾನ ಹೋಗತೈತಿ" ಎಂದು ಹೊಲಕ್ಕೆ ಹೋದರು. ಗಂಡಸರಿಗೆ ಎಲ್ಲದಕ್ಕೂ ಊಟವೇ ಔಷಧ.

ನನಗೆ ಗೊತ್ತು ನಿನ್ನ ತಲೆಯಲ್ಲಿ ಏನಿದೆ ಎಂದು. ನಿನ್ನ ಗಂಡ ಅಭಿನಂದನ ಟಿಬಿಯಲ್ಲಿ ಹೋದ, ಸಂಕೇಶ್ವರದ ನಿನ್ನ ಅತ್ತೆಯ ಮನೆಯವರು ಮೂರನೆಯ ತಿಂಗಳಿಗೇ ನಿನ್ನನ್ನು ಹೊರಗೆ ಹಾಕಿದರು. ನೀನು ಅಂದು ಅಳಲಿಲ್ಲ. ಅಳದೇ ನುಂಗಿದ್ದು ಈಗ ತಲೆಗೇರಿದೆ. ಬದಾಮಿ ಮತ್ತು ಮನೆಯ ತುಪ್ಪ ಕಳಿಸುತ್ತೇನೆ. ಹೊತ್ತು ಮುಳುಗುವ ಮುಂಚೆ ತಿನ್ನು. ಒಬ್ಬಳೇ ಇದ್ದೇನೆ, ಯಾರು ನೋಡುತ್ತಾರೆ ಎಂದು ನಿಯಮ ಸಡಿಲ ಮಾಡಬೇಡ. ನನ್ನ ಮಗ ಶುಭಮ ಹುಟ್ಟಿದಾಗಿನಿಂದ ಇಪ್ಪತ್ತೊಂದು ವರ್ಷ, ಮೈ ಸುಡುವ ಜ್ವರ ಬಂದಾಗಲೂ ಹೊತ್ತು ಮುಳುಗಿದ ಮೇಲೆ ನಾನು ಒಂದು ಗುಟುಕು ನೀರು ಕುಡಿದಿಲ್ಲ. ಏನಾಗಿದೆ ನನಗೆ? ಗಟ್ಟಿಯಾಗಿದ್ದೇನೆ.

ಊರ ಸುದ್ದಿ ಚಲೋ ಇಲ್ಲ. ಲಾರಿ ಓಡಿಸುತ್ತಿದ್ದ ಪರಸಪ್ಪ ತಿರುಗಿ ಬಂದಿದ್ದಾನೆ. ಆ ರೋಗವಂತೆ. ಮನೆಯವರೇ ಹೊಲದ ಗುಡಿಸಲಲ್ಲಿ ಇಟ್ಟಿದ್ದಾರೆ, ತಾಟು ಬೇರೆ, ಲೋಟ ಬೇರೆ. ನಾನೂ ಆ ದಾರಿ ಹಾಯುವುದನ್ನು ಬಿಟ್ಟಿದ್ದೇನೆ. ಪಾಪ ಅನಿಸುತ್ತದೆ, ಆದರೆ ನಮ್ಮದು ಮಕ್ಕಳಿರುವ ಮನೆ, ಮಡಿಯ ಮನೆ.

ಕಾಗದ ಬರೆ. ಎರಡೂ ಬಲಗೈ ಇದ್ದರೂ ಒಂದರಿಂದ ಬರೆಯಬಹುದು.

ನಿನ್ನ ಅಕ್ಕ
ಪದ್ಮವ್ವ


ಮೂಡಲಗಿ
೧೮-೬-೨೦೦೬

ಅಕ್ಕಾ,

ಈ ಕಾಗದವನ್ನು ಹಿತ್ತಲಿಗೆ ಹೋಗಿ ಒಬ್ಬಳೇ ಓದು.

ಪರಸಪ್ಪನ ಸುದ್ದಿ ಬರೆದೆಯಲ್ಲ, ಅಂದಿನಿಂದ ಮೂರು ತಿಂಗಳು ನಿನಗೆ ಬರೆಯಲು ಕೈ ಏಳಲಿಲ್ಲ. ಅವನಿಗೆ ಬಂದದ್ದೇ ನನಗೂ ಬಂದಿದೆ. ಅವರು ಸತ್ತದ್ದು ಬರೀ ಟಿಬಿಯಲ್ಲಿ ಅಲ್ಲ. ಟಿಬಿಯ ಹಿಂದೆ ಎಚ್‌ಐವಿ ಇತ್ತು. ಸಂಕೇಶ್ವರದ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಹೇಳಿರಲಿಲ್ಲ. ಹೋದ ವರ್ಷ ಗೋಕಾಕದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ನನಗೆ ತಿಳಿಯಿತು. ತೃಪ್ತಿಯ ರಕ್ತವನ್ನೂ ಎರಡು ಸಲ ನೋಡಿದರು. ಅವಳಿಗೆ ಇಲ್ಲ. ಅಸ್ತರದ ಬಟ್ಟೆಗೆ ಹೋಗಿದ್ದೆ ಎಂದು ನಿನಗೆ ಬರೆದ ಆ ಗುರುವಾರ ನಾನು ಹೋದದ್ದು ಆಸ್ಪತ್ರೆಗೆ.

ಮರೆವೂ ಅದರದೇ. ಗೋಕಾಕದಲ್ಲಿ ಶಿವಾನಿ ಎಂಬ ಹುಡುಗಿ ನಮ್ಮಂಥವರಿಗೆ ತಿಳಿಹೇಳುವ ಕೆಲಸದಲ್ಲಿದ್ದಾಳೆ. ಅವಳೇ ನನ್ನನ್ನು ಬೆಳಗಾವಿಯ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ನಾಲ್ಕು ಶಬ್ದ ಹೇಳಿದರು. ಕೊಡ, ಎತ್ತು, ಸಜ್ಜಿ, ಹಳದಿ. ನೆನಪಿಟ್ಟುಕೊಳ್ಳಿ ಎಂದರು. ಆಮೇಲೆ ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ತಾಗಿಸಲು ಹೇಳಿದರು. ಸೂಜಿದಾರ ಹಿಡಿದು ಪಳಗಿದವಳು ನಾನು, ಬೆರಳು ಏಳಲೊಲ್ಲವು. ನಂತರ ಆ ನಾಲ್ಕು ಶಬ್ದ ತಿರುಗಿ ಕೇಳಿದರು. ಎತ್ತು ಎಂದೆ. ಮುಂದಿನದು ಬರಲಿಲ್ಲ.

"ಇದು ಹುಚ್ಚಲ್ಲರಿ," ಎಂದರು ಡಾಕ್ಟರು. "ರಕ್ತದಾಗಿನ ಆ ಹುಳ ಮೆದುಳಿಗೂ ಹತ್ತತೈತಿ. ನೆನಪು ಹೋಗತೈತಿ, ಕೈಕಾಲು ಸಾವಕಾಶ ಆಗತಾವು. ಗುಳಿಗಿ ಒಂದೂ ತಪ್ಪಸಲಾರದಂಗ ತಗೊಂಡ್ರ ಭಾಳ ಮಂದಿಗೆ ತಿರುಗಿ ಸುಧಾರಸತೈತಿ. ತಪ್ಪಿಸಿದ್ರ ಮಾತ್ರ ನನ್ನ ಕೈಯಾಗ ಏನೂ ಉಳಿಯೂದಿಲ್ಲ."

ಗುಳಿಗೆ ಪುಕ್ಕಟೆ ಕೊಡುತ್ತಾರೆ. ಮುಂಜಾನೆ ಎಂಟಕ್ಕೆ ಒಂದು, ರಾತ್ರಿ ಎಂಟಕ್ಕೆ ಒಂದು. ಏಪ್ರಿಲ್‌ನಿಂದ ತೆಗೆದುಕೊಳ್ಳುತ್ತಿದ್ದೇನೆ. ತಲೆ ಸ್ವಲ್ಪ ತಿಳಿಯಾಗಿದೆ ಅಕ್ಕಾ. ಇಷ್ಟು ಉದ್ದದ ಕಾಗದ ಬರೆಯಲು ಆಗುತ್ತಿರುವುದು ಅದಕ್ಕೇ. ಆದರೆ ರಾತ್ರಿಯ ಗುಳಿಗೆಗೆ ನೀರು ಬೇಕು. ದಿನವೂ ನಿಯಮ ಮುರಿಯುತ್ತಿದ್ದೇನೆ, ನೀನು ಕಲಿಸಿದ ನಿಯಮವನ್ನು. ಲೋಟ ಎತ್ತುವಾಗ ನೀನು ಬಾಗಿಲಲ್ಲಿ ನಿಂತು ನೋಡುತ್ತಿದ್ದೀ ಅನಿಸುತ್ತದೆ. ನಾನು ಯಾವತ್ತೂ ನಿನ್ನ ಮಾತು ಮೀರಿದವಳಲ್ಲ. ಕುಡಿ ಎಂದು ನೀನು ಒಂದು ಮಾತು ಹೇಳಿದರೆ ಸಾಕು, ಧೈರ್ಯದಿಂದ ಕುಡಿಯುತ್ತೇನೆ.

ಶಿವಾನಿ ಒಂದೇ ಮಾತು ಹೇಳುತ್ತಾಳೆ. "ಮನಿಯವರೊಳಗ ಒಬ್ಬರಿಗಾದ್ರೂ ಗೊತ್ತಿರಬೇಕ್ರಿ. ನಿಮಗ ನೆನಪು ಇರಲಾರದ ದಿನ ಗುಳಿಗಿ ಯಾರು ಕೊಡಬೇಕು?" ನನಗೆ ಸಾವಿನ ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿದೆ. ಉಸಿರು ಇದ್ದು, ತೃಪ್ತಿ ಎದುರಿಗೆ ನಿಂತಿದ್ದು, ಅವಳು ಯಾರೆಂದು ನನಗೆ ತಿಳಿಯದೆ ಹೋದರೆ?

ಓದಿದ ಮೇಲೆ ಇದನ್ನು ಒಲೆಗೆ ಹಾಕು. ನಿನ್ನ ಕಾಗದ ಬಂದರೆ ತೃಪ್ತಿ ಬಿಡುವುದಿಲ್ಲ, ತಾನೇ ಒಡೆದು ನನಗೆ ಓದಿ ಹೇಳುತ್ತಾಳೆ, ಅವಳಿಗೆ ಏನೂ ಗೊತ್ತಿಲ್ಲ. ಅದಕ್ಕೇ ನೀನು ಬರೆಯುವಾಗ ಈ ಕಾಗದ ಬಂದೇ ಇಲ್ಲವೆಂಬಂತೆ ಬರೆ. ಬಾ ಎಂದು ಕರೆದರೆ, ನಿನ್ನ ಮನೆಯ ಬಾಗಿಲು ನನಗೆ ತೆರೆದಿದೆ ಎಂದು ತಿಳಿಯುತ್ತೇನೆ. ನೀರಿನ ವಿಷಯವನ್ನೂ ಹೇಗಾದರೂ ತಿಳಿಸು.

ನಾಳೆ ಅಂಗಡಿಗೆ ಹೋಗುವಾಗ ಇದನ್ನು ಅಂಚೆ ಪೆಟ್ಟಿಗೆಗೆ ಹಾಕುತ್ತೇನೆ.

ನಿನ್ನ
ಶುಭಾಂಗಿ


ಬೆಲ್ಲದ ಬಾಗೇವಾಡಿ
೨೦-೭-೨೦೦೬

ಚಿ. ಶುಭಾಂಗಿಗೆ ಅಕ್ಕನ ಆಶೀರ್ವಾದ.

ಫೆಬ್ರುವರಿಯ ನಂತರ ನಿನ್ನಿಂದ ಒಂದು ಸಾಲಿಲ್ಲ. ಬದಾಮಿ ಮುಟ್ಟಿತೋ ಇಲ್ಲವೋ ಅದೂ ಇಲ್ಲ. ಸಿಟ್ಟು ಬಂದಿತ್ತು, ಈಗ ಬಿಟ್ಟಿದ್ದೇನೆ, ಏಕೆಂದರೆ ಮನೆಯಲ್ಲಿ ಒಳ್ಳೆಯ ಕೆಲಸ ನಡೆದಿದೆ. ನಮ್ಮ ಬಸದಿಯಲ್ಲಿ ಈ ಸಲ ಮುನಿ ಮಹಾರಾಜರ ಚಾತುರ್ಮಾಸ. ಮುಂಜಾನೆಯಿಂದ ಊರೆಲ್ಲ ಅಲ್ಲೇ. ನಾನು ಒಮ್ಮೆ ಅವರಿಗೆ ಆಹಾರ ನೀಡಲು ನಿಂತು ಪುಣ್ಯ ಕಟ್ಟಿಕೊಂಡೆ.

ನಿನ್ನ ಮರೆವಿಗೆ ಏನು ಮಾಡಬೇಕೆಂದು ನನಗೆ ಈಗ ಹೊಳೆದಿದೆ. ಭಾದ್ರಪದದ ದಶಲಕ್ಷಣ ಪರ್ವಕ್ಕೆ ಇಲ್ಲಿಗೆ ಬಾ. ಮಹಾರಾಜರ ಮುಂದೆ ನಿಂತು ದೀಪಾವಳಿಯವರೆಗೆ ಏಕಭುಕ್ತದ ನೋಂಪಿ ತಗೋ. ದಿನಕ್ಕೆ ಒಂದೇ ಹೊತ್ತು ಕುಳಿತು ಉಣ್ಣುವುದು, ಆಗಲೇ ನೀರು, ಎದ್ದ ಮೇಲೆ ಮರುದಿನದವರೆಗೆ ಬಾಯಿಗೆ ಏನೂ ಇಲ್ಲ. ಸಂಜೆಯ ನೀರು ಬಿಟ್ಟರೆ ಜೀವ ಹೋಗುವುದಿಲ್ಲ ಶುಭಾ, ಗಟ್ಟಿಯಾಗುತ್ತದೆ. ಮನಸ್ಸು ಒಂದು ಕಡೆ ನಿಲ್ಲುತ್ತದೆ. ನಾನೂ ನಿನ್ನ ಜೊತೆ ಮಾಡುತ್ತೇನೆ.

ತೃಪ್ತಿಯನ್ನೂ ಕರೆದುಕೊಂಡು ಬಾ. ಇಲ್ಲವೆನ್ನಬೇಡ.

ನಿನ್ನ ಅಕ್ಕ
ಪದ್ಮವ್ವ


ಮೂಡಲಗಿ
೬-೮-೨೦೦೬

ಅಕ್ಕಾ,

ತೃಪ್ತಿ ಓದಿದಳು. ನೀನು ಬಾ ಎಂದು ಬರೆದ ಸಾಲನ್ನು ಇನ್ನೊಮ್ಮೆ ಓದಿಸಿದೆ. ನನ್ನ ಕಾಗದ ಓದಿಯೂ ಕರೆದೆಯಲ್ಲ, ಅಷ್ಟು ಸಾಕು ನನಗೆ. ಗೋಡೆಗೆ ಒರಗಿ ಅತ್ತೆ. ಸುಖಕ್ಕೆ ಅತ್ತದ್ದು ಎಂದು ಹುಡುಗಿಗೆ ಹೇಳಿದೆ.

ನೀರಿನ ಮಾತೂ ತಿಳಿಯಿತು. ನನಗೆ ಹೆದರಿಕೆ ಇದೆ, ನನಗೆ ಬೇರೆಯೇ ಹೇಳಿದ್ದರು. ಆದರೆ ನೀನು ಎಲ್ಲವನ್ನೂ ತೂಗಿ ನೋಡಿಯೇ ಬರೆದಿರುತ್ತೀ. ನಿನಗೆ ಗೊತ್ತಿರದ್ದು ನನಗೇನು ಗೊತ್ತು.

ಪರ್ವ ಸುರುವಾಗುವ ಪಂಚಮಿಯ ಹಿಂದಿನ ದಿನ ಬರುತ್ತೇವೆ.

ಶುಭಾಂಗಿ


ಮೂಡಲಗಿ
೧೨-೧೧-೨೦೦೬

ಅಕ್ಕಾ,

ಜಯ ಜಿನೇಂದ್ರ. ಜಯ ಜಿನೇಂದ್ರ ಬರೆದೆನೋ ಇಲ್ಲವೋ, ಮೇಲೆ ನೋಡಿದೆ, ಬರೆದಿದ್ದೇನೆ.

ಈ ಕಾಗದ ಬರೆಯಲು ನಾಲ್ಕು ದಿನ ಹಿಡಿಯಿತು. ಒಂದು ಸಾಲು ಬರೆದು ಏಳುತ್ತೇನೆ, ಏಕೆ ಎದ್ದೆ ಎಂದು ತಿಳಿಯುವುದಿಲ್ಲ. ಕೂತರೆ ಏಕೆ ಕೂತೆ ಎಂದು ತಿಳಿಯುವುದಿಲ್ಲ. ನಡೆಯುವಾಗ ಕಾಲು ನೆಲವನ್ನು ಸರಿಯಾಗಿ ಹಿಡಿಯುತ್ತಿಲ್ಲ. ಹೊಲಿಯಲು ಬಂದವರನ್ನು ತೃಪ್ತಿಯೇ ಬಾಗಿಲಿಂದ ತಿರುಗಿ ಕಳಿಸುತ್ತಾಳೆ.

ನೋಂಪಿ ತಪ್ಪಿಸಿಲ್ಲ. ಅದೊಂದು ಮರೆಯುವುದಿಲ್ಲ. ಆ ದಿನ ಬಸದಿಯಲ್ಲಿ ನಡೆದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಮಹಾರಾಜರು ಕೇಳಿದರು, "ಔಷಧ ಏನಾದರೂ ನಡೆದಿದೆಯೇನಮ್ಮಾ? ಇದ್ದರೆ ಅದಕ್ಕೆ ಸೂಟಿ ಇಟ್ಟು ನಿಯಮ ಕೊಡುತ್ತೇನೆ." ನಾನು ಬಾಯಿ ತೆರೆಯುವ ಮುಂಚೆ ನೀನು, "ಔಷಧ ಏನೂ ಇಲ್ರಿ ಮಹಾರಾಜ, ಮನಸಿನ ಭಾರ ಅಷ್ಟ" ಎಂದೆ. ನನ್ನ ಕೈ ಒತ್ತಿದೆ. ನನಗೆ ಅರ್ಥವಾಯಿತು. ಅಷ್ಟು ಜನರ ಮುಂದೆ ಆ ಗುಳಿಗೆಯ ಮಾತು ಹೇಗೆ ಆಡುವುದು. ನೀನು ನನ್ನ ಮಾನ ಕಾಯ್ದೆ. ಹತ್ತು ದಿನ ನಿನ್ನ ಮನೆಯಲ್ಲಿದ್ದಾಗಲೂ ನೀನು ಆ ಮಾತು ಎತ್ತಲಿಲ್ಲ, ಮಂದಿ ಇದ್ದರೆಂದು ನಾನೂ ಎತ್ತಲಿಲ್ಲ.

ಮುಂಜಾನೆಯ ಗುಳಿಗೆಯನ್ನು ಊಟದ ಹೊತ್ತಿಗೆ ತಗೊಳ್ಳುತ್ತೇನೆ. ರಾತ್ರಿಯದನ್ನು ಎಸೆಯಲಿಲ್ಲ, ಗುಂಡಿಗಳ ಡಬ್ಬಿಯಲ್ಲಿ ಹಾಕುತ್ತ ಬಂದಿದ್ದೇನೆ. ಡಬ್ಬಿ ತುಂಬಿದೆ. ಗುಳಿಗೆ ಉಳಿದಿವೆಯಲ್ಲ ಎಂದು ಬೆಳಗಾವಿಗೂ ಹೋಗಲಿಲ್ಲ. ಶಿವಾನಿ ಎರಡು ಸಲ ಬಂದಿದ್ದಳಂತೆ. ನಾನು ಬಾಗಿಲು ತೆಗೆಯಲಿಲ್ಲವಂತೆ.

ದೀಪಾವಳಿ ಯಾವಾಗ ಅಕ್ಕಾ? ಈ ಸಲ ಭಾಳ ತಡವಾಯಿತು. ನೋಂಪಿ ಮುಗಿದರೆ ಒಮ್ಮೆ ಸಂಜೆ ನೀರು ಕುಡಿಯಬೇಕು ಎಂದು ಆಸೆಯಾಗಿದೆ. ಬಾಯಿ ಒಣಗುತ್ತದೆ.

ಹಸಿರು ಲಂಗದ ಒಬ್ಬ ಹುಡುಗಿ ಮನೆಯಲ್ಲಿ ಓಡಾಡುತ್ತಿದ್ದಳು. ಒಳ್ಳೆಯ ಹುಡುಗಿ. ಅರೆ ಗಳಿಗೆ ಆದ ಮೇಲೆ ತೃಪ್ತಿ ಎಂದು ಹೊಳೆಯಿತು. ಅವಳಿಗೆ ಹೇಳಬೇಡ.

ನಿನ್ನ ಶುಭಾಂಗಿ


ಬೆಲ್ಲದ ಬಾಗೇವಾಡಿ
೧೭-೧೧-೨೦೦೬

ಶುಭಾ,

ನಿನ್ನ ಕಾಗದ ಓದಿದ ಕೂಡಲೇ ಬರೆಯುತ್ತಿದ್ದೇನೆ. ದೀಪಾವಳಿ ಮುಗಿದು ನಾಲ್ಕು ವಾರ ಆಯಿತು. ಅಂದೇ ನೋಂಪಿ ಮುಗಿಯಿತು, ನಾನು ಬಿಟ್ಟೆ, ನೀನೂ ಬಿಟ್ಟಿರುತ್ತೀ ಎಂದೇ ತಿಳಿದಿದ್ದೆ. ಇಂದಿನಿಂದಲೇ ಎರಡು ಹೊತ್ತು ಉಣ್ಣು.

ಯಾವ ಗುಳಿಗೆ? ಯಾವ ಡಾಕ್ಟರು? ಬೆಳಗಾವಿಗೆ ನೀನು ಏಕೆ ಹೋಗಬೇಕು? ಮಾನ ಕಾಯ್ದೆ ಎಂದು ಬರೆದಿದ್ದೀ, ಯಾವ ಮಾನ? ಬಸದಿಯಲ್ಲಿ ಔಷಧ ಇಲ್ಲವೆಂದದ್ದು, ನನಗೆ ಗೊತ್ತಿದ್ದಂತೆ ನಿನಗೆ ಔಷಧ ಇರಲಿಲ್ಲವೆಂದು. ಕೈ ಒತ್ತಿದ್ದು ಹೆದರಬೇಡ ಎಂದು.

ತೃಪ್ತೀ, ಇದನ್ನು ನೀನೇ ಓದುತ್ತೀ ಎಂದು ಗೊತ್ತು. ಅವ್ವನಿಗೆ ಏನಾಗಿದೆ, ನನಗೆ ಕೂಡಲೇ ಬರೆ ನನ್ನ ಬಂಗಾರ.

ಅಕ್ಕ


ಮೂಡಲಗಿ
೨೧-೧೧-೨೦೦೬

ದೊಡ್ಡವ್ವನಿಗೆ ತೃಪ್ತಿಯ ನಮಸ್ಕಾರಗಳು.

ನಿಮ್ಮ ಪತ್ರ ಇವತ್ತು ಬಂತು. ಅವ್ವನಿಗೆ ಓದಿ ಹೇಳಲಿಲ್ಲ. ಅವ್ವ ಮೊನ್ನೆಯಿಂದ ಮಷೀನಿನ ಮುಂದೆ ಕೂತು ಬಟ್ಟೆ ಇಲ್ಲದೆ ತುಳಿಯುತ್ತಾಳೆ. ಸಾಕು ಎಂದರೆ, "ಆತು, ಇದೊಂದು ತೋಳ ಮುಗಸ್ತೀನಿ" ಅನ್ನುತ್ತಾಳೆ. ನಿನ್ನೆ ನನ್ನನ್ನು ನೋಡಿ, "ನೀ ಯಾರ ಮಗಳವಾ? ನಿಮ್ಮವ್ವ ಹುಡುಕಾಕತ್ತಾಳು, ಮನಿಗೆ ಹೋಗು" ಎಂದಳು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಒಳಗೆ ಬಂದಾಗ, "ಸಾಲಿ ಬಿಟ್ಟಿತೇನು ತೃಪ್ತಿ?" ಎಂದು ಕೇಳಿದಳು. ನಾನು ಎಂಟು ದಿನದಿಂದ ಶಾಲೆಗೆ ಹೋಗಿಲ್ಲ. ಸ್ಟೋ ಹಚ್ಚಿ ಮರೆಯುತ್ತಾಳೆ, ಅದಕ್ಕೆ.

ಕತ್ತರಿ ಬಚ್ಚಿಡೋಣ ಎಂದು ಮಷೀನಿನ ಖಾನೆ ತೆಗೆದೆ. ಅಲ್ಲಿ ದಾರದುಂಡೆಗಳ ಕೆಳಗೆ ಒಂದು ಪಾಕೀಟು ಇತ್ತು. ಅಂಟಿಸಿದ್ದು, ಮೇಲೆ ತಿಕೀಟು ಹಚ್ಚಿ ನಿಮ್ಮ ಹೆಸರು ಬರೆದದ್ದು. ಅಂಚೆಯ ಠಸ್ಸೆ ಇರಲಿಲ್ಲ. ಜೂನ್ ತಿಂಗಳಲ್ಲಿ ಅವ್ವ ನಿಮಗೆ ಬರೆದದ್ದು. ಹಾಕಿಯೇ ಇಲ್ಲ. ಹಾಕಿದೆನೆಂದು ತಿಳಿದಿದ್ದಾಳೆ. ನಾನು ಒಡೆದು ಓದಿದೆ. ತಪ್ಪಾಯಿತು. ಇದರ ಜೊತೆ ಅದನ್ನೂ ಇಟ್ಟಿದ್ದೇನೆ.

ಎಲ್ಲ ತಿಳಿಯಲಿಲ್ಲ. ಗುಳಿಗೆ ತಪ್ಪಿಸಬಾರದು ಎಂಬುದು ತಿಳಿಯಿತು. ಗುಂಡಿಯ ಡಬ್ಬಿಯಲ್ಲಿ ಗುಂಡಿಗಿಂತ ಗುಳಿಗೆಗಳೇ ಹೆಚ್ಚಿವೆ. ನಿನ್ನೆ ರಾತ್ರಿ ಒಂದು ಕೊಟ್ಟೆ, ಅವ್ವ ಬಾಯಿ ಬಿಡಲಿಲ್ಲ.

ದೊಡ್ಡವ್ವ, ನಿಮ್ಮ ಮನೆಯಲ್ಲಿ ಮಡಿ ಇದೆ ಎಂದು ನನಗೆ ಗೊತ್ತು. ನಮ್ಮನ್ನು ಕರೆಯದಿದ್ದರೂ ನಡೆಯುತ್ತದೆ. ಗುಳಿಗೆಯನ್ನು ಹೇಗೆ ಕೊಡಬೇಕು, ಅದನ್ನಷ್ಟೇ ಬರೆಯಿರಿ. ನಾನು ಕೊಡುತ್ತೇನೆ.

ನಿಮ್ಮ
ತೃಪ್ತಿ


ಮೂಡಲಗಿ
೧೦-೩-೨೦೦೭

ಶುಭಾ,

ಇದು ಅಂಚೆಗೆ ಹಾಕುವ ಕಾಗದವಲ್ಲ. ನಿನ್ನ ಮಷೀನಿನ ಮೇಲೆ, ಗೋಡೆಗೆ ಅಂಟಿಸುತ್ತೇನೆ. ದಿನವೂ ರಾತ್ರಿ ಎಂಟಕ್ಕೆ ಇದನ್ನು ಓದಬೇಕು. ಬರೆದು ತೋರಿಸಿದರೆ ಮನಸ್ಸು ಹಿಡಿದುಕೊಳ್ಳುತ್ತದೆ ಎಂದು ಶಿವಾನಿ ಹೇಳಿದ್ದಾಳೆ. ಓದಿದ್ದು ಮರೆತರೆ ಮರೆಯಲಿ, ನಾಳೆ ಮತ್ತೆ ಓದು.

ನಾನು ಪದ್ಮವ್ವ, ನಿನ್ನ ಅಕ್ಕ. ಹಸಿರು ಲಂಗದ ಹುಡುಗಿ ತೃಪ್ತಿ, ನಿನ್ನ ಮಗಳು. ಈಗ ದಿನಾ ಶಾಲೆಗೆ ಹೋಗುತ್ತಾಳೆ.

ನೀನು ಜೂನ್‌ನಲ್ಲಿ ಬರೆದ ಕಾಗದ ನನಗೆ ನವೆಂಬರಿನಲ್ಲಿ ಮುಟ್ಟಿತು. ನೀನು ಹೇಳಿದ ಹಾಗೆ ಹಿತ್ತಲಲ್ಲಿ ನಿಂತು ಓದಿದೆ. ಓದಿ ನಾನು ಮೊದಲು ಮಾಡಿದ ಕೆಲಸ ಕೈ ತೊಳೆದದ್ದು. ಇದನ್ನು ನಿನ್ನಿಂದ ಮುಚ್ಚಿಡಲಾರೆ. ತೊಳೆದ ಕೈಯಿಂದ ಮತ್ತೆ ಕಾಗದ ಎತ್ತಿದೆ. ಕುಡಿ ಎಂದು ಒಂದು ಮಾತು ಹೇಳು ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಎರಡು ಸಲ ಓದಿದೆ. ನೀನು ನೀರು ಕೇಳಿದ್ದೆ, ನಾನು ಬೇಡವೆಂದು ಬರೆದಿದ್ದೆ. ನನಗೆ ಗೊತ್ತಿರಲಿಲ್ಲ, ಖರೆ. ಆದರೆ ನಿನಗೆ ಹೇಳುವ ಧೈರ್ಯ ಬರದ ಹಾಗೆ ಮಾಡಿದವಳೂ ನಾನೇ. ಪರಸಪ್ಪನ ಸುದ್ದಿಯನ್ನು ಅಷ್ಟು ಕಲ್ಲಾಗಿ ಬರೆದ ಕೈ ನನ್ನದೇ.

ಚಾತುರ್ಮಾಸ ಮುಗಿಸಿ ಮಹಾರಾಜರು ಕಾಲ್ನಡಿಗೆಯ ವಿಹಾರ ಹೊರಟಿದ್ದರು. ಹುಕ್ಕೇರಿಯ ದಾರಿಯಲ್ಲಿ ಅವರನ್ನು ಕೂಡಿಕೊಂಡು ಎಲ್ಲ ಹೇಳಿದೆ. "ಜೀವ ಉಳಿಸುವ ಔಷಧಕ್ಕೆ ನಿಯಮ ಅಡ್ಡ ಬರುವುದಿಲ್ಲಮ್ಮಾ. ಅದಕ್ಕೇ ಆ ದಿನ ಕೇಳಿದ್ದೆ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

ಆ ಸಂಜೆಯೇ ಇಲ್ಲಿಗೆ ಬಂದೆ. ನಿನ್ನ ಮಾಮಾನಿಗೆ ಹೇಳಿ ಬಂದೆ. ಮೂರು ವಾರ ಅವರ ಕಡೆಯಿಂದ ಸುದ್ದಿಯಿಲ್ಲ. ನಾಲ್ಕನೆಯ ವಾರ ಜೋಳದ ಚೀಲ ಹೊತ್ತು ಬಂದರು. ಬಾಗಿಲಲ್ಲೇ ನಿಂತಿದ್ದರು. ನೀನು ಅವರನ್ನು ಗುರುತಿಸಿ, "ಬರ್ರಿ ಮಾಮಾ, ನೀರು ಕುಡೀರಿ" ಎಂದೆ. ಒಳಗೆ ಬಂದು ನೀನು ಕೊಟ್ಟ ಲೋಟದಲ್ಲೇ ಕುಡಿದರು. ತಳದವರೆಗೆ ಪೂರಾ ಕುಡಿದರು.

ಡಾಕ್ಟರ ಮುಂದೆ ಗುಂಡಿಗಳ ಡಬ್ಬಿ ಸುರಿದೆ. ಅವರು ಗುಂಡಿಯನ್ನೂ ಗುಳಿಗೆಯನ್ನೂ ಬೇರೆ ಮಾಡುತ್ತ ಹೇಳಿದರು, "ಅರ್ಧ ಗುಳಿಗಿ ನುಂಗಿದ್ರ ರೋಗ ಸಾಯೂದಿಲ್ರಿ, ಗುಳಿಗಿ ತಡಕೊಳ್ಳೂದ ಕಲೀತೈತಿ. ಈ ಗುಳಿಗಿ ಇನ್ನ ನಡೀತೈತೋ ಇಲ್ಲೋ ಆರು ತಿಂಗಳ ನೋಡೂಣು." ಇನ್ನೂ ಎರಡೂವರೆ ತಿಂಗಳು ಉಳಿದಿವೆ. ಅಲ್ಲಿಯವರೆಗೆ ನನಗೆ ನಿದ್ದೆ ಇಲ್ಲ. ನೀನು ರಾತ್ರಿ ಹೊರಳಿದರೂ ಎದ್ದು ಕೂರುತ್ತೇನೆ. ಮುಂಜಾನೆ ನೀನು ಕಣ್ಣು ತೆರೆದ ಕೂಡಲೇ ನನ್ನನ್ನು ಏನೆಂದು ಕರೆಯುತ್ತೀ ಎಂದು ಕಾಯುತ್ತೇನೆ. ಹೆಚ್ಚಿನ ದಿನ ಅಕ್ಕಾ ಅನ್ನುತ್ತೀ. ಕೆಲವು ದಿನ ಸುಮ್ಮನೆ ನೋಡುತ್ತೀ.

ಕೊಡ, ಎತ್ತು, ಸಜ್ಜಿ, ಹಳದಿ. ಮೊನ್ನೆ ನಿನಗೆ ಒಂದೂ ಬರಲಿಲ್ಲ. ನಿನ್ನೆ ಮೂರು ಹೇಳಿದೆ. ಇವತ್ತು ನಾನು ಕೇಳಿಲ್ಲ, ಹೆದರಿಕೆಯಾಯಿತು.

ಇನ್ನು ನೀರಿನ ಮಾತು. ನಿನಗೆ ಎಷ್ಟೋ ಮರೆತಿದೆ, ಆದರೆ ಹೊತ್ತು ಮುಳುಗಿದ ಮೇಲೆ ಬಾಯಿ ತೆರೆಯಬಾರದು ಎಂಬುದು ಮರೆತಿಲ್ಲ. ನಾನು ಬಂದ ಮೊದಲ ರಾತ್ರಿ ಗುಳಿಗೆ ಹಿಡಿದು ನಿಂತೆ. "ಹೊತ್ತು ಮುಳುಗೇತಿ ಅಕ್ಕಾ, ಈಗ ನೀರು ಹ್ಯಾಂಗ ಕುಡೀಲಿ?" ಎಂದು ತುಟಿ ಬಿಗಿಹಿಡಿದೆ. ನೋಂಪಿ ಮುಗಿದಿದೆ ಎಂದೆ. ಮಹಾರಾಜರು ಹೇಳಿದ್ದಾರೆ ಎಂದೆ. ಬೈದೆ. ಕಾಲು ಹಿಡಿಯಲೂ ಬಗ್ಗಿದೆ. ತೃಪ್ತಿ ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಗಡಿಯಾರದ ಮುಳ್ಳು ಎಂಟು ದಾಟಿತ್ತು. ಆಗ ನನಗೆ ಬೇವಿನ ಎಲೆ ನೆನಪಾಯಿತು. ಗುಳಿಗೆಯನ್ನು ಕೆಳಗಿಟ್ಟು ಲೋಟವನ್ನು ನನ್ನ ಬಾಯಿಗೇ ಎತ್ತಿದೆ. ಇಪ್ಪತ್ತೊಂದು ವರ್ಷದ ಮೇಲೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನೀನು ನನ್ನ ಗಂಟಲನ್ನೇ ನೋಡುತ್ತಿದ್ದೆ, ನುಂಗುತ್ತೇನೋ ಇಲ್ಲವೋ ಎಂದು. ನುಂಗಿದೆ. ಆಮೇಲೆ ನೀನು ಕೈ ಚಾಚಿದೆ.

ಅಂದಿನಿಂದ ಒಂದು ರಾತ್ರಿಯೂ ತಪ್ಪಿಲ್ಲ.

ನೀನು ಕೇಳಿದ್ದ ಮಾತನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕುಡಿ. ನಾನು ಹೇಳುತ್ತಿದ್ದೇನೆ, ಕುಡಿ.

ಓದುವುದು ಮುಗಿದಿದ್ದರೆ ತಲೆ ಎತ್ತಿ ಈ ಕಡೆ ನೋಡು. ಲೋಟ ನನ್ನ ಕೈಯಲ್ಲಿದೆ. ಮೊದಲು ನಾನು, ಆಮೇಲೆ ನೀನು.

ಅಕ್ಕ